ನಿಂತಾಗಲಷ್ಟೇ ನಡುಕ
ಮರುದಿನ ಮೆಲ್ಬರ್ನ್‌ನಲ್ಲಿ ಹಿರಿಯರ ರಕ್ತದೊತ್ತಡ ತಪಾಸಣೆ. ಸಿಡ್ನಿಯಿಂದ ಹ್ಯೂಮ್ ಹೆದ್ದಾರಿಯಲ್ಲಿ ಸುಮಾರು 880 ಕಿ.ಮೀ. ಹಾದಿ. ಓಡುವಾಗ ಆರೋಗ್ಯವಾಗಿದ್ದ ನಮ್ಮ ಹಳೆಯ ಕಾರು, ಕಾಫಿಗೆಂದು ಗೌಲ್ಬರ್ನ್ ಪಟ್ಟಣದೊಳಗೆ ತಿರುಗಿ ನಿಲ್ಲಿಸಿದೊಡನೆ ನಡುಗತೊಡಗಿತು. ಹಿಂದಿನ ವಾರವಷ್ಟೇ ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಬದಲಿಸಿದ್ದೆವು. ಪರೀಕ್ಷಿಸದೆ ಆಂಟಿಬಯಾಟಿಕ್ ಬರೆಯುವವರನ್ನು ಹಳಿಯುವವರೂ ನಾವೇ!

ಕೋಡ್ ರೀಡರ್ ಮೂರನೆಯ ಸಿಲಿಂಡರನ್ನು ತೋರಿತು. ಎಂಜಿನ್ ಆರಿಸಿ, ಅದರ ಇಗ್ನಿಷನ್ ಕಾಯಿಲನ್ನು ಒಂದನೆಯದರೊಡನೆ ಅದಲುಬದಲು ಮಾಡಿದೆವು. ದೋಷ ಕಾಯಿಲಿನೊಡನೆ ಹೋಗಲಿಲ್ಲ. ಆದ್ದರಿಂದ ಕಾಯಿಲ್ ನಿರ್ದೋಷಿ. ಮತ್ತೆ ಚಾಲೂ ಮಾಡಿ, ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಇನ್‌ಟೇಕ್ ಸುತ್ತ ಸರಿಸಿದಾಗ ಸಣ್ಣ ಸುಯ್ಲು ಕೇಳಿಸಿತು: ವ್ಯಾಕ್ಯೂಮ್ ಹೋಸಿನ ತುದಿ ಬಿರಿದಿತ್ತು. ನಿಂತ ಎಂಜಿನ್ ಉಸಿರಾಡುವ ಗಾಳಿಯೇ ಅಲ್ಪ. ಅದರಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು. ಓಟದಲ್ಲಿ ಅದು ಲೆಕ್ಕಕ್ಕಿಲ್ಲ.

ಬಿರಿದಷ್ಟನ್ನು ಕತ್ತರಿಸಿ ಮರಳಿ ಸಿಕ್ಕಿಸಿದೆವು. ಆಲ್ಬರಿಯಲ್ಲಿ ಮರ್ರೆ ನದಿ ದಾಟುವಾಗ ಕತ್ತಲಾಗಿತ್ತು.