ದೇವರ ಕೆಲಸಕ್ಕೆ ಗುತ್ತಿಗೆಯ ಪೂಜಾರಿ

‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬೆಂಗಳೂರಿನ ವಿಧಾನಸೌಧದ ಮೇಲೆ ಬರೆದಿರುವುದನ್ನು ಚಿತ್ರದಲ್ಲಾದರೂ ನೋಡದವರು ವಿರಳ. ಅದು ದೇವರ ಕೆಲಸವಾದರೆ, ಮಾಡುವವರು ಪೂಜಾರಿಗಳಾಗಬೇಕಷ್ಟೆ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ನಮ್ಮಲ್ಲಿ ಹಳೆಯದು. ಪೂಜಾರಿಯನ್ನೇ ಗುತ್ತಿಗೆಗೆ ತಂದರೆ ಏನಾಗುವುದೆಂಬುದಕ್ಕೆ ಮಾತ್ರ ಹಿರಿಯರು ಗಾದೆ ಕಟ್ಟಲಿಲ್ಲ. ಅವರಿಗೆ ಅದರ ಅವಶ್ಯಕತೆ ಬಿದ್ದಿರಲಾರದು.

ಇಂದು ಕಚೇರಿಗೆ ಹೋದವರಿಗೆ ಮೊದಲು ಎದುರಾಗುವುದು ಗಣಕಯಂತ್ರ. ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ, ಪಿಂಚಣಿ, ಪಹಣಿ ಎಲ್ಲವೂ ಅದರ ಹೊಟ್ಟೆಯೊಳಗಿವೆ. ಈ ಶತಮಾನದ ಆರಂಭದಲ್ಲಿ ನಮ್ಮ ರಾಜ್ಯದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಅದನ್ನು ರೂಪಿಸಿದವರು ಒಂದು ವಿವೇಕದ ಏರ್ಪಾಡು ಮಾಡಿದರು. ದಾಖಲೆ ತಿದ್ದುವ ಅಧಿಕಾರಿ ತನ್ನ ಬೆರಳ ಗುರುತು ಕೊಟ್ಟೇ ಒಳಹೊಗಬೇಕು. ಯಾರು, ಯಾವಾಗ ತಿದ್ದಿದರೆಂಬುದು ಯಂತ್ರದಲ್ಲಿ ಉಳಿಯಬೇಕು. ತಿದ್ದಿದ ಕೈ ಯಾರದೆಂದು ತಿಳಿಯಬೇಕೆಂಬುದು ಅದರ ತಾತ್ಪರ್ಯ. ಒಳ್ಳೆಯದು. ಆದರೆ ಹೊಣೆ ಹೊರುವ ಕೈಗೆ ಅಭಯವೂ ಬೇಡವೆ?

ನಮ್ಮ ಮನೆತನದಲ್ಲಿ ಬಿ.ಎ. ತರಗತಿಯವರೆಗೆ ಬಂದವರಲ್ಲಿ ನಾನೇ ಮೊದಲು. ನನ್ನ ಅಕ್ಕ ಪಿ.ಯು.ಸಿ.ಗೇ ಓದು ನಿಲ್ಲಿಸಿ, ಗಣಕ ಕಲಿತು, ಒಂದು ಕಚೇರಿಯಲ್ಲಿ ಡೇಟಾ ಎಂಟ್ರಿ ಆಪರೇಟರ್ ಆದಳು. ನನ್ನ ಶುಲ್ಕ ಬರುವುದು ಅವಳ ಸಂಬಳದಿಂದ. ಊರವರ ಬಾಯಲ್ಲಿ ಅವಳು ‘ಸರ್ಕಾರಿ ಕೆಲಸದವಳು’. ಸಂಬಳ ಕೊಡುವುದು ಮಾತ್ರ ಒಂದು ಏಜೆನ್ಸಿ. ಒಮ್ಮೆ ಯಾರೋ ದೊಡ್ಡವರ ಕಡೆಯವರು ಬಂದು, ಅರ್ಜಿಯೊಂದಕ್ಕೆ ಹಿಂದಿನ ತಾರೀಖು ಹಾಕೆಂದರು.

“ಸಾಹೇಬರು ಬರೆದುಕೊಡಲಿ ಅಣ್ಣಾ, ಹಾಕ್ತೀನಿ” ಎಂದಳು ಅಕ್ಕ.

“ಬರೆದುಕೊಡೋ ಹಾಗಿದ್ರೆ ನಿನ್ನನ್ನ ಯಾಕಮ್ಮಾ ಕೇಳ್ತಿದ್ದೆ?” ಎಂದರಂತೆ ಅವರು.

ತಿಂಗಳು ತುಂಬಿದ ದಿನ ಏಜೆನ್ಸಿಯಿಂದ ಫೋನು ಬಂತು: ನಾಳೆಯಿಂದ ಬರಬೇಡಿ. ಆರೋಪವಿಲ್ಲ, ನೋಟೀಸಿಲ್ಲ, ಆದೇಶವೂ ಇಲ್ಲ. ನಾಲ್ಕು ತಿಂಗಳ ಮೇಲೆ ಟೆಂಡರು ಬದಲಾಗಿ ಬೇರೊಂದು ಏಜೆನ್ಸಿ ಬಂದಾಗ ಅಕ್ಕ ಅದೇ ಕುರ್ಚಿಗೆ ಮರಳಿದಳು, ಏಳು ವರ್ಷ ಅನುಭವವುಳ್ಳ ಹೊಸಬಳಾಗಿ. “ಮತ್ತೆ ಯಾರಾದರೂ ಹಾಗೆ ಕೇಳಿದರೆ ಏನು ಮಾಡ್ತೀಯಕ್ಕಾ?” ಎಂದು ಕೇಳಿದೆ. ಅವಳು ಮಾತಾಡಲಿಲ್ಲ. ಅಪ್ಪನ ಮಾತ್ರೆಯ ಚೀಟಿಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಳು.

ನಮ್ಮ ಸಂವಿಧಾನದ 311ನೆಯ ವಿಧಿ ಇಂಥ ಸಂಕಟಕ್ಕೆಂದೇ ಇದೆ. ನೇಮಿಸಿದವರಿಗಿಂತ ಕೆಳಗಿನ ಅಧಿಕಾರಿ ನೌಕರನನ್ನು ವಜಾ ಮಾಡುವಂತಿಲ್ಲ. ಆರೋಪ ತಿಳಿಸಿ, ವಿಚಾರಣೆ ನಡೆಸಿ, ಉತ್ತರಕ್ಕೆ ಅವಕಾಶ ಕೊಡದೆ ತೆಗೆಯುವಂತಿಲ್ಲ. 1949ರ ಅಕ್ಟೋಬರ್ 10ರಂದು ಸಂವಿಧಾನ ಸಭೆಯಲ್ಲಿ ಸರದಾರ್ ಪಟೇಲರು ಸರ್ಕಾರಿ ಸೇವೆಗಳ ಪರವಾಗಿ ಮಾತನಾಡುತ್ತ, ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿಯೂ ಟಿಪ್ಪಣಿ ಬರೆಯುವ ಸ್ವಾತಂತ್ರ್ಯವನ್ನು ಕಾರ್ಯದರ್ಶಿಗಳಿಗೆ ಕೊಟ್ಟಿರುವುದಾಗಿ ಹೇಳಿದರು. ಅಂದು ಸತ್ಯ ಉಳಿಯಬೇಕಾದದ್ದು ಟಿಪ್ಪಣಿಯ ಹಾಳೆಯಲ್ಲಿ. ಇಂದು ಅದು ಕೀಲಿಮಣೆಯ ಬಳಿಗೂ ಬಂದಿದೆ. ಆದರೆ 311ನೆಯ ವಿಧಿಯ ನೆರಳು ಸಿವಿಲ್ ಹುದ್ದೆಯಲ್ಲಿರುವವರಿಗೆ ಮಾತ್ರ. ಏಜೆನ್ಸಿಯ ಆಳಿಗೆ ಅದು ತಾಗದು.

ಭದ್ರತೆ ಕೊಟ್ಟರೆ ನೌಕರ ಸೋಮಾರಿಯಾಗುವನೆಂಬ ಆಕ್ಷೇಪಣೆ ಉಂಟು. ಅದರಲ್ಲಿ ಸತ್ಯವಿಲ್ಲವೆನ್ನಲಾರೆ; ಕಚೇರಿಗಳ ಮುಂದೆ ಅಪ್ಪನೊಡನೆ ನಾನೂ ಕಾದಿದ್ದೇನೆ. ಆದರೆ ಈ ವಿಧಿ ವಜಾ ಮಾಡುವುದನ್ನು ತಡೆದಿಲ್ಲ, ಕಾರಣ ಹೇಳಿ ಮಾಡಿರೆಂದಿದೆ. ಕ್ರಿಮಿನಲ್ ಅಪರಾಧದಲ್ಲಿ ಶಿಕ್ಷೆಯಾದವನಿಗೆ ಆ ವಿಚಾರಣೆಯೂ ಬೇಕಿಲ್ಲ.

ಹಾಗಾದರೆ ಇದ್ದವರನ್ನೆಲ್ಲ ಖಾಯಂ ಮಾಡಿಬಿಡಬಹುದೆ? ನಮ್ಮ ರಾಜ್ಯದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ, 2006ರ ಏಪ್ರಿಲ್ 10ರಂದು, ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಹಿಂಬಾಗಿಲಿನ ನೇಮಕವನ್ನು ಖಾಯಂ ಮಾಡಲಾಗದೆಂದಿತು. ಬಹಿರಂಗ ಸ್ಪರ್ಧೆಗೆ ಕಾದಿರುವವರಿಗೆ ಅನ್ಯಾಯವಾಗಬಾರದೆಂಬುದು ಅದರ ವಾದ. ಆ ಕಾದಿರುವವರಲ್ಲಿ ನಾವೂ ಇದ್ದೇವೆ. ಆದರೆ ವರ್ಷಾನುಗಟ್ಟಲೆ ದುಡಿಸಿಕೊಂಡವರನ್ನು ಕೈಬಿಡಲು ಆ ತೀರ್ಪನ್ನೇ ನೆಪ ಮಾಡಬಾರದೆಂದು ಅದೇ ನ್ಯಾಯಾಲಯ 2024ರ ಡಿಸೆಂಬರ್ 20ರಂದು ಜಗ್ಗೋ ಪ್ರಕರಣದಲ್ಲಿ ಹೇಳಿತು. ಎರಡನ್ನೂ ಓದಿದರೆ ನನಗೆ ತೋರುವುದಿಷ್ಟು: ನಿತ್ಯದ ಕೆಲಸಕ್ಕೆ ನಿತ್ಯದ ಹುದ್ದೆ ಸೃಷ್ಟಿಯಾಗಲಿ, ಪರೀಕ್ಷೆ ನಡೆಯಲಿ, ದುಡಿದವರ ಅನುಭವಕ್ಕೆ ಅದರಲ್ಲಿ ಬೆಲೆಯಿರಲಿ, ಗೆದ್ದು ಬಂದವರಿಗೆ 311ರ ರಕ್ಷೆ ಸಿಗಲಿ. ಹಾಗಾದರೆ ಮಾತ್ರ ‘ಇದು ಆಗದು’ ಎನ್ನುವ ಧೈರ್ಯ ಯಂತ್ರದ ಮುಂದೆ ಕುಳಿತವರಿಗೆ ಬಂದೀತು, ರೈತನ ಪಹಣಿಯೂ ಭದ್ರವಾಗಿದ್ದೀತು.

ಅಂತಿಮ ವರ್ಷದ ಗೆಳೆಯ ಗೆಳತಿಯರಲ್ಲಿ ಬಹುಮಂದಿ ಈಗ ಸ್ಪರ್ಧಾ ಪರೀಕ್ಷೆಗಳಿಗೆ ಓದುತ್ತಿದ್ದಾರೆ. 311ನೆಯ ವಿಧಿ ಅವರಿಗೆ ಎರಡು ಅಂಕದ ಪ್ರಶ್ನೆಯಾಗಿ ಬರಬಹುದು. ಬರೆದು ಅಂಕ ಗಳಿಸಲಿ. ಮುಂದೆ ಅಧಿಕಾರಿಗಳಾಗಿ ಕುಳಿತಾಗ, ತಮ್ಮ ಕಚೇರಿಯ ಗಣಕದ ಮುಂದಿರುವವರಿಗೆ ನೇಮಕದ ಕಾಗದ ಕೊಟ್ಟವರು ಯಾರೆಂದು ಒಮ್ಮೆ ವಿಚಾರಿಸಲಿ.