ಒಂಟಿಕಾಲಿನ ಬುಲೆಟ್

ಕೇರಳದ ಏಲೂರಿನ ಚಹಾದಂಗಡಿಯಿಂದ ಹೊರಬಂದ ಬುಲೆಟ್ ಸವಾರನಿಗೆ ಬೆಳಬೆಳಗ್ಗೆ ಕಂಡದ್ದು ಇಷ್ಟು: ಗುರುತಿಲ್ಲದ ಇಬ್ಬರು ಹುಡುಗರು ಅವನ ಗಾಡಿಯ ಮೇಲೆ ಕೂತು ಆರಾಮಾಗಿ ಮೊಬೈಲ್ ನೋಡುತ್ತಿದ್ದಾರೆ. ಗಾಡಿ ಎಡಕ್ಕೆ ಮಾಮೂಲಿಗಿಂತ ಹೆಚ್ಚೇ ವಾಲಿದೆ. ಮಳೆಗೆ ಮೆತ್ತಗಾದ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡಿನ ತುದಿ ಎರಡು ಬೆರಳು ಹೂತಿದೆ. 'ಸಾರಿ ಚೇಟ್ಟಾ' ಎಂದು ನಗುತ್ತಾ ಎದ್ದರು. ಇವನೂ ನಕ್ಕ, ಅರೆಮನಸ್ಸಿನಿಂದ.

ಗಟ್ಟಿ ಸ್ಟ್ಯಾಂಡ್ ಹಾಕಿಸಬೇಕೆನ್ನುವ ಹಟ ಇಂಥ ಹೊತ್ತಿನಲ್ಲೇ ಹುಟ್ಟುವುದು. ಕೆಲಸ ದೊಡ್ಡದಲ್ಲ. ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಏರಿಸಿ, ಸ್ಪ್ರಿಂಗ್ ಎಳೆದು ಕಳಚಿ, ಬೋಲ್ಟ್ ಬಿಚ್ಚಿದರಾಯಿತು. ಆದರೆ ಬಿಚ್ಚಿ ನೋಡಿದಾಗ ಎಷ್ಟೋ ಸಲ ಕಾಲು ನೆಟ್ಟಗೇ ಇರುತ್ತದೆ. ಸವೆದಿರುವುದು ಬೋಲ್ಟು ಕೂರುವ ತೂತು. ಅಲ್ಲಿ ನೂಲಿನಷ್ಟು ಆಟ ಬಂದರೆ ಕೆಳಗೆ ತುದಿಯಲ್ಲಿ ಬೆರಳಿನಷ್ಟು ಜಾರುತ್ತದೆ. ಚಾಸಿಯ ಕಡೆಯ ತೂತೇ ಸವೆದಿದ್ದರೆ ಎಂಥ ಉಕ್ಕಿನ ಕಾಲು ತಂದರೂ ಗಾಡಿ ವಾಲುವುದು ತಪ್ಪದು. ಮೊದಲು ಅದನ್ನು ವೆಲ್ಡಿಂಗ್ ಮಾಡಿಸಿ ಸರಿಪಡಿಸಬೇಕು. ಕಾಲನ್ನು ಉದ್ದ ಮಾಡಿಸುವ ಆಸೆಯೂ ಬೇಡ. ಗಾಡಿ ನೆಟ್ಟಗೆ ನಿಂತಷ್ಟೂ ಬಲಕ್ಕೆ ಉರುಳಲು ಒಂದು ಸಣ್ಣ ತಳ್ಳು ಸಾಕು. ಬುಡಕ್ಕೊಂದು ಅಗಲವಾದ ಪಟ್ಟಿ ಬೆಸೆದರೆ ಮಳೆಗಾಲದ ಮಣ್ಣಿಗೂ ಬೇಸಿಗೆಯ ಮೆತ್ತನೆ ಟಾರಿಗೂ ಅದೇ ಮದ್ದು.

ಇಷ್ಟಾಗಿಯೂ ತಪ್ಪು ಸ್ಟ್ಯಾಂಡಿನದಲ್ಲ. ರಾಯಲ್ ಎನ್‌ಫೀಲ್ಡಿನ ಕ್ಲಾಸಿಕ್ 350 ಸುಮಾರು 195 ಕೆ.ಜಿ. ತೂಗುತ್ತದೆ, ನಿಜ, ಆದರೆ ಬಹುಪಾಲು ಭಾರ ಹೊರುವುದು ಎರಡು ಚಕ್ರಗಳೇ. ಸ್ಟ್ಯಾಂಡಿಗೆ ಬರುವುದು ವಾಲಿದಷ್ಟರ ಪಾಲು. ಅದನ್ನು ಸೋಲಿಸುವವರು ಗಾಡಿಯನ್ನೇ ಜಗಲಿ ಮಾಡಿಕೊಂಡವರು. ಸ್ಟ್ಯಾಂಡಿನಲ್ಲೇ ನಿಲ್ಲಿಸಿ ಕಿಕ್ ಹೊಡೆಯುವವರೂ ಸೇರುತ್ತಾರೆನ್ನಿ. ಮೈಸೂರಿನಲ್ಲಿ 1961ರಿಂದ 1996ರವರೆಗೆ ನಡೆದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳಲ್ಲಿ ಕಿಕ್ಕಿಗೂ ಗೇರಿಗೂ ಒಂದೇ ಲಿವರ್, ಅದೂ ಎಡಗಡೆ. ಸೈಡ್ ಸ್ಟ್ಯಾಂಡಿನಲ್ಲಿಟ್ಟು ಒದ್ದರೆ ಪ್ರತಿ ಏಟೂ ಅದರ ಮೇಲೇ!

ಆದರೆ ಹುಡುಗರನ್ನು ಬೈದೂ ಪ್ರಯೋಜನವಿಲ್ಲ, ಅವರು ಕೂರುವುದಾದರೂ ಎಲ್ಲಿ? ರಸ್ತೆ ಅಗಲ ಮಾಡುವಾಗ ಮೊದಲು ಹೋಗುವುದು ಅರಳಿಕಟ್ಟೆ. ಅಂಗಡಿಯ ಮೆಟ್ಟಿಲಿಗೆ ಯಾರೂ ಕೂರದಂತೆ ಕಬ್ಬಿಣದ ಮುಳ್ಳು. ಹೊಸ ಬಸ್ ತಂಗುದಾಣದಲ್ಲಿ ಬೆಂಚಿನ ಬದಲು ಓರೆಯಾಗಿ ಹಾಕಿದ ಸ್ಟೀಲ್ ಪೈಪು. ಅದರ ಮೇಲೆ ಕೂತವರು ಕೂತಂತೆಯೂ ಅಲ್ಲ, ನಿಂತಂತೆಯೂ ಅಲ್ಲ. ಊರಲ್ಲಿ ಇವತ್ತು ಮೆತ್ತನೆಯ, ಬಿಟ್ಟಿ ಆಸನವೆಂದು ಉಳಿದಿರುವುದು ಪರರ ಬೈಕಿನ ಸೀಟು ಮಾತ್ರ. ನಗರಸಭೆ ಹಾಕಿಸಬೇಕಾದ ಬೆಂಚಿನ ಕೆಲಸವನ್ನು ಒಂದು ಬೋಲ್ಟು ಮಾಡುತ್ತಿದೆ.

ಬಾಗಿ ನಿಲ್ಲುವ ವಿದ್ಯೆಗೆ ಏಲೂರಿನಲ್ಲಿ ಬೇರೆಯದೇ ನಂಟಿದೆ. ಪೆರಿಯಾರ್ ನದಿಯ ಕವಲುಗಳ ನಡುವಿನ ಈ ದ್ವೀಪದಲ್ಲಿ 1947ರಲ್ಲಿ ಉತ್ಪಾದನೆ ಆರಂಭಿಸಿದ ಫ್ಯಾಕ್ಟ್ ರಸಗೊಬ್ಬರ ಕಾರ್ಖಾನೆಯನ್ನು ಮುಂದೆ ನಡೆಸಿದ ಎಂ.ಕೆ.ಕೆ. ನಾಯರ್ ಕಥಕಳಿಯ ದೊಡ್ಡ ಪೋಷಕರು. ಕೇರಳ ಕಲಾಮಂಡಲದ ಅಧ್ಯಕ್ಷರೂ ಆಗಿದ್ದರು. ಕಥಕಳಿಯ ನಟ ಮಂಡಿ ಅಗಲಿಸಿ, ಅಂಗಾಲಿನ ಹೊರ ಅಂಚಿನ ಮೇಲಷ್ಟೇ ಭಾರ ಬಿಟ್ಟು ನಿಲ್ಲುತ್ತಾನೆ. ಮೈಮೇಲೆ ಗರಿಗರಿ ಉಡುಪು, ತಲೆ ಮೇಲೆ ಮರದ ಕಿರೀಟ, ಎದುರಿಗೆ ಉರಿಯುವ ದೀಪ, ರಾತ್ರಿಯಿಡೀ ಆಟ. ಹಾಗಿದ್ದೂ ಆ ಬರಿಯ ರಂಗದ ಮೇಲೆ ಒಂದು ಮರದ ಪೀಠವನ್ನಂತೂ ಇಟ್ಟೇ ಇಡುತ್ತಾರೆ. ಕೈಲಾಸ ಎತ್ತಿದ ರಾವಣನೂ ನಡುನಡುವೆ ಅದರ ಮೇಲೆ ಕೂರುತ್ತಾನೆ.