ಉಸಿರಿನ ವಿದ್ಯೆ

ಉಬ್ಬಸವು ಉಬ್ರಾಣಿಯ ನಮ್ಮ ಮನೆಗೆ ಹೊಸದಲ್ಲ. ಅಡಿಕೆ ಬೇಯಿಸುವ ಕಾಲ ಬಂದಿತೆಂದರೆ ಒಲೆಯ ಹೊಗೆಯೂ ಚೊಗರಿನ ಆವಿಯೂ ಅಂಗಳವನ್ನೆಲ್ಲ ತುಂಬುವುವು. ನಮ್ಮ ತಾಯಿಯವರು ಗೋಡೆಗೊರಗಿ ಕುಳಿತೇ ಇರುಳನ್ನು ನೂಕುವರು. ಆದುದರಿಂದ ತಮ್ಮನ ಮಗಳು ಶ್ವಾಸಚಿಕಿತ್ಸೆಯ ಪದವಿಗೆ ಸೇರುವೆನೆಂದಾಗ ನನಗೆ ಆಶ್ಚರ್ಯವಾಗಲಿಲ್ಲ. ತಮ್ಮನಿಗೆ ಮಾತ್ರ ಅದು ಹಿಡಿಸಲಿಲ್ಲ. "ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಕೇಳಿದವರಿಗೆ ಏನೆಂದು ಹೇಳಲಣ್ಣ?" ಎಂದನು. ಕೇಳುವವರು ಗಂಡಿನ ಕಡೆಯವರೆಂಬುದನ್ನು ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಅವನ ಚಿಂತೆ ನಿರಾಧಾರವಾದುದಲ್ಲ. ಮೂರು ವರ್ಷದ ಪಾಠ, ಮೇಲೊಂದು ವರ್ಷ ಆಸ್ಪತ್ರೆಯ ತರಬೇತಿ, ಅದಕ್ಕೆ ತಕ್ಕ ವೆಚ್ಚ. ಇಂತಹ ವೃತ್ತಿಗಳಿಗೆಂದು ನಮ್ಮ ದೇಶದಲ್ಲಿ ರಾಷ್ಟ್ರೀಯ ಆಯೋಗದ ಶಾಸನವಾದುದೇ 2021ರಲ್ಲಿ. ಕೆಲಸವೇನೋ ಹಳೆಯದು. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿ ರೋಗಿಗಳ ಉಸಿರಾಟದ ಸ್ನಾಯುಗಳು ಸೋತಾಗ, ಇಬ್ಸೆನ್ ಎಂಬ ವೈದ್ಯರು ಕೊರಳಿಗೆ ರಂಧ್ರಮಾಡಿ ನಳಿಗೆಯಿಟ್ಟು, ರಬ್ಬರಿನ ಚೀಲವನ್ನೊತ್ತಿ ಗಾಳಿಯೂಡುವ ಕ್ರಮವನ್ನು ಹೂಡಿದರು. ಯಂತ್ರಗಳು ಸಾಲದಿರಲು ವೈದ್ಯವಿದ್ಯಾರ್ಥಿಗಳೇ ಸರದಿಯಂತೆ ಕುಳಿತು ಹಗಲಿರುಳೂ ಒತ್ತಿದರು. ಈಗ ಒತ್ತುವುದು ವೆಂಟಿಲೇಟರು; ಆದರೆ ಎಷ್ಟು ಗಾಳಿ, ಎಷ್ಟು ಒತ್ತಡ, ಎಷ್ಟು ಆಮ್ಲಜನಕ ಎಂದು ಬಲ್ಲವರು ಬಳಿಯಲ್ಲಿ ಬೇಕು. ಒತ್ತಡ ಮಿತಿಮೀರಿದರೆ ಉಳಿಸಬೇಕಾದ ಶ್ವಾಸಕೋಶಕ್ಕೇ ಪೆಟ್ಟು.

ಎರಡನೆಯ ವರ್ಷದ ರಜೆಗೆ ಬಂದವಳು ಅಜ್ಜಿಯ ಇನ್‌ಹೇಲರನ್ನು ಎತ್ತಿಕೊಂಡು, "ಸೇದಜ್ಜಿ, ನೋಡೋಣ" ಎಂದಳು. ನೋಡಿ ನಕ್ಕಳು. "ದೊಡ್ಡಪ್ಪಾ, ಔಷಧವೆಲ್ಲ ನಾಲಗೆಗೇ ಬೀಳುತ್ತಿದೆ, ಎದೆಗಿಳಿಯುತ್ತಲೇ ಇಲ್ಲ." ಮೊದಲು ಒಳಗಿನ ಉಸಿರನ್ನು ಹೊರಬಿಡಬೇಕು, ತುಟಿಗಳನ್ನು ಬಿಗಿಹಿಡಿದು, ಮೆಲ್ಲನೆ ಸೇದಲು ತೊಡಗಿದೊಡನೆಯೇ ಒತ್ತಬೇಕು, ಬಳಿಕ ಹತ್ತೆಣಿಸುವವರೆಗೆ ಉಸಿರು ಕಟ್ಟಬೇಕು. ವರ್ಷಗಟ್ಟಲೆ ಔಷಧ ಬರೆದುಕೊಟ್ಟವರಾರೂ ಇಷ್ಟನ್ನು ಮಾಡಿ ತೋರಿಸಿರಲಿಲ್ಲ. ಕೈಮುಪ್ಪಿನಿಂದ ಒತ್ತುವುದೂ ಸೇದುವುದೂ ಒಟ್ಟಿಗೆ ಕೂಡದೆ ಹೋಗಲು, ನಡುವೆ ಗಾಳಿಗೂಡಿನಂತಹ ಒಂದು ಸ್ಪೇಸರನ್ನು ಜೋಡಿಸಿದಳು. ತಾಯಿಯವರು ಮೊಮ್ಮಗಳ ಮುಂದೆ ಬಾಲಶಿಕ್ಷೆಯ ಹುಡುಗಿಯಂತೆ ಬೆರಳೆಣಿಸುತ್ತ ಕುಳಿತರು.

"ಇದಿಷ್ಟರಿಂದ ಆಗದು, ಒಲೆ ಅಂಗಳದಲ್ಲಿರುವತನಕ ಅಜ್ಜಿಯ ಎದೆ ಸುಧಾರಿಸದು" ಎಂದು ಅವಳು ತಂದೆಗೆ ಖಂಡಿತವಾಗಿ ಹೇಳಿದಳು. ಖರ್ಚೆಂದು ತಮ್ಮನು ಗೊಣಗಿದನು. ಆದರೂ ಈ ಸಲ ಹಂಡೆಯೂ ಒಲೆಯೂ ಹಿತ್ತಿಲಿನಾಚೆಗೆ ಹೋಗಿವೆ. ತಾಯಿಯವರು ಕೆಲವು ರಾತ್ರಿ ಮಲಗಿಯೇ ನಿದ್ರಿಸುತ್ತಾರೆ. ಎಲ್ಲ ರಾತ್ರಿಯೂ ಅಲ್ಲ. ಮುಂದಿನ ವರ್ಷದ ಶುಲ್ಕಕ್ಕೆಂದು ತಮ್ಮನು ನಿನ್ನೆ ಅಡಿಕೆಯನ್ನು ಚನ್ನಗಿರಿಗೆ ಸಾಗಿಸಿದನು.